ಕಲ್ಲಿನ ತಲೆ ಯಾವ ಕಡೆ

ಮತ್ತೆ ಒಣಗಿತು, ನೀರು ಚಿಮುಕಿಸಿದಾಗ ಮಾತ್ರ ಕಾಣುತ್ತದೆ, ಒಣಗಿದರೆ ಬರೀ ಬೂದು ಕಲ್ಲು, ಇನ್ನೊಮ್ಮೆ ಸ್ಪ್ರೇ — ಹಾ, ಬಂತು, ಇದೋ ಕಪ್ಪು ಎಳೆ, ಕಲ್ಲಿದ್ದಲಿನ ಪದರದಿಂದ ಹೊರಟಲ್ಲಿ ದಪ್ಪ, ಹೋಗ್ತಾ ಹೋಗ್ತಾ ಕವಲೊಡೆದು ಕೂದಲಿನಷ್ಟು ಸಣ್ಣ, ಬೇರು, ಬೇರಲ್ಲದೆ ಇನ್ನೇನು, ಆದರೆ ಮೇಲಕ್ಕೆ ಹೋಗುತ್ತಿದೆ, ಆಕಾಶದ ಕಡೆಗೆ ಬೆಳೆಯುವ ಬೇರನ್ನು ಯಾವ ಲೋಕದಲ್ಲಿ ಕಂಡಿದ್ದೇವೆ ಸ್ವಾಮಿ, ಅಂದರೆ ಕಲ್ಲನ್ನು ತಲೆಕೆಳಗಾಗಿ ಇಟ್ಟಿದ್ದಾರೆ, ಎರಡನೇ ಮಾತಿಲ್ಲ. ಈ ದೇಶದ ಪಶ್ಚಿಮಕ್ಕಿರುವ ತರನಾಕಿಯ ಕಡಲಡಿಯಿಂದ, ಎಣ್ಣೆ ಹುಡುಕಲೆಂದು, ನಾನು ಹುಟ್ಟುವುದಕ್ಕೂ ಮುಂಚೆ ಕೊರೆದು ತೆಗೆದ ಕಲ್ಲು ಇದು, ನಮ್ಮ ಮಾತಿನಲ್ಲಿ ಕೋರ್, ಕಂಬವನ್ನು ತುಂಡು ಮಾಡಿ ಪೆಟ್ಟಿಗೆಗಳಲ್ಲಿ ಮಲಗಿಸಿದ ಹಾಗೆ, ಪ್ರತಿ ತುಂಡಿನ ಬೆನ್ನಿಗೂ ಎರಡು ಗೆರೆ, ಕೆಂಪು ಒಂದು, ಕಪ್ಪು ಒಂದು, ಕೆಂಪು ಬಲಗಡೆ ಬರುವ ಹಾಗೆ ನಿಲ್ಲಿಸಿದರೆ ಕಲ್ಲಿನ ತಲೆ ಮೇಲೆ, ಇದು ನಮ್ಮ ಕಸುಬಿನ ಅ ಆ ಇ ಈ. ಈ ಪೆನ್‌ರೋಸ್ ಶೆಡ್ಡಿಗೆ ಬಂದಾಗ ಕೆಂಪು ಮಾಸಿ ಎರಡು ಗೆರೆಯೂ ಕಂದಾಗಿದ್ದವು, ವಾಸುದೇವ್ ಸರ್ ತಾವೇ ಬ್ರಷ್ ಹಿಡಿದು ಹೊಸದಾಗಿ ಎಳೆದರು, ಯಾರನ್ನೂ ಕೇಳಲಿಲ್ಲ, ಅಂದಾಜಿನ ಮೇಲೆ, ಕೆಂಪನ್ನು ಕಪ್ಪು ಮಾಡಿ ಕಪ್ಪನ್ನು ಕೆಂಪು ಮಾಡಿ — ಮಾನಸಗಂಗೋತ್ರಿಯಲ್ಲಿ ನನಗೆ ಆ ಗೆರೆಗಳನ್ನು ಕಲಿಸಿದ ಮಹಾನುಭಾವರೇ ಅವರು, ತಪ್ಪಾದರೆ ಬೋರ್ಡಿನ ಮುಂದೆ ನಿಲ್ಲಿಸಿ ಮಾನ ಕಳೆಯುತ್ತಿದ್ದರು.

ಬೆಳಿಗ್ಗೆಯೇ ಹೇಳಿದೆ, ಟೀ ಲೋಟ ಕೆಳಗಿಡುವ ಮುಂಚೆ ಹೇಳಿದೆ, ಸರ್ ಕೋರ್ ಉಲ್ಟಾ ಇದೆ. ಕನ್ನಡಕ ಹಣೆಗೇರಿಸಿ ನೋಡಿದರು, ನೋಡಿದ ಹಾಗೆ ಮಾಡಿದರು, ಅದು ಬೇರಲ್ಲಮ್ಮ, ಹುಳ ಕೊರೆದಿರೋ ಬಿಲ, ಲೈಟು ಸರಿಗಿಲ್ಲ ಇಲ್ಲಿ, ಸುಮ್ನೆ ತಲೆ ಕೆಡಿಸ್ಕೋಬೇಡ. ಹುಳವಂತೆ! ಹುಳದ ಬಿಲ ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ, ಕವಲೊಡೆಯುತ್ತಾ ಸಣ್ಣಗಾಗುತ್ತಾ ಹೋಗುವ ಹುಳ ಯಾವುದು, ನಾನೇನು ನಿನ್ನೆ ಕಣ್ಣು ಬಿಟ್ಟವಳೇ, ಡಾಕ್ಟರೇಟು ಮಾಡಿದ್ದು ಇದೇ ಕಲ್ಲುಗಳ ಮೇಲೆ. ಸರ್, ಮೀಟಿಂಗ್ ಮುಂದಕ್ಕೆ ಹಾಕೋಣ, ಪೆಟ್ಟಿಗೆ ಎಲ್ಲಾ ತಿರುಗಿಸಿ ಇನ್ನೊಂದ್ಸಲ ನೋಡೋಣ. ಕಾಮಾಕ್ಷಿ, ಬಾವಿ ಕೊರೆಸೋ ಕಂಪನಿಯೋರು ನ್ಯೂ ಪ್ಲಿಮತ್‌ನಿಂದ ಫ್ಲೈಟ್ ಹತ್ತಿ ಆಗಿದೆ, ಈಗ ನಂ ಕಲ್ಲು ಶೀರ್ಷಾಸನ ಹಾಕ್ಬಿಟ್ಟಿತ್ತು ಅಂತ ಹೇಳ್ಲಾ, ನಗ್ತಾರೆ ಅಷ್ಟೇ. ನಗಲಿ! ನಕ್ಕರೆ ಏನು ಹೋಗುತ್ತದೆ, ಬಾವಿ ಕೊರೆದು ಖಾಲಿ ಬಂದ ಮೇಲೆ ಅಳುವುದಕ್ಕಿಂತ ಈಗ ನಗುವುದು ವಾಸಿ. ನದಿ ತಂದ ಮರಳು ಕೆಳಗೆ ಒರಟು, ಮೇಲೆ ನುಣುಪು, ಅದರ ಮೇಲೆ ಕೆಸರು, ಕೆಸರಲ್ಲಿ ಗಿಡ, ಗಿಡ ಕೊಳೆತು ಕಲ್ಲಿದ್ದಲು — ಈ ಕೋರ್ ಹೇಳುವುದು ಅದನ್ನೇ, ಸರಿಯಾಗಿ ನಿಲ್ಲಿಸಿದರೆ. ತಲೆಕೆಳಗೆ ನಿಲ್ಲಿಸಿದರೆ ಮರಳು ಮೇಲಕ್ಕೆ ಹೋದಂತೆ ಒರಟು, ಥೇಟ್ ಕಡಲತೀರದ ಮರಳು. ಕಲ್ಲಿದ್ದಲು ಮೂಲಶಿಲೆ, ಎಣ್ಣೆ ಹುಟ್ಟುವುದು ಅಲ್ಲಿ, ಮರಳುಗಲ್ಲು ಅದನ್ನು ಹಿಡಿದಿಡುವ ಸಂಗ್ರಹಶಿಲೆ, ತೀರದ ಮರಳಾದರೆ ಜಮಖಾನದ ಹಾಗೆ ಅಗಲಕ್ಕೆ ಹಾಸಿಕೊಂಡಿರುತ್ತದೆ, ಎಲ್ಲಿ ಕೊರೆದರೂ ಸಿಗುತ್ತದೆ, ನದಿಯ ಮರಳೋ ಹಗ್ಗದ ಹಾಗೆ ಕಿರಿದು, ಸ್ವಲ್ಪ ಆಚೆ ಕೊರೆದರೆ ಬರೀ ಕೆಸರುಗಲ್ಲು. ಕಡಲಲ್ಲಿ ಎಣ್ಣೆ ಹುಡುಕುವುದಕ್ಕೆ ಸರ್ಕಾರ ಹಾಕಿದ್ದ ನಿಷೇಧ ಹೋಗಿದೆ, ಎಲ್ಲರಿಗೂ ಅವಸರ, ಸರ್ ಜಮಖಾನದ ನಕ್ಷೆ ಬರೆದು ಮುಗಿಸಿದ್ದಾರೆ, ನಕ್ಷೆಯ ಕೆಳಗೆ ಹಾಕಿದ್ದು ಯಾರ ಹೆಸರು, ನನ್ನ ಹೆಸರು, ನಿಂಗೂ ಒಂದು ಗುರುತು ಸಿಗ್ಲಿ ಅಂತ ಹಾಕ್ದೆ ಕಣಮ್ಮ. ಎಂಥ ಉಪಕಾರ. ಇನ್ನು ಸ್ವಲ್ಪ ಹೊತ್ತಿಗೆ ಅವರನ್ನು ಇಲ್ಲಿಗೆ ಕರೆತರುತ್ತಾರೆ, ನಾನು ಈ ಕಲ್ಲಿನ ಪಕ್ಕ ನಿಂತು ತೀರದ ಮರಳು ಎಂದು ನನ್ನ ಬಾಯಲ್ಲಿ ಹೇಳಬೇಕು, ಇಡೀ ಊರಿಗೆ ನಾಲ್ಕೇ ಮನೆಯಂಥ ಕಸುಬು ಈ ದೇಶದಲ್ಲಿ ನಮ್ಮದು, ಬಾವಿ ಖಾಲಿ ಬಂದರೆ ಮತ್ತೆ ಯಾರೂ ನನ್ನ ಕೈಗೆ ಕಲ್ಲು ಕೊಡುವುದಿಲ್ಲ.

ಉಪಕಾರ, ಹೌದು, ಅದನ್ನೂ ಎತ್ತಿದರು, ಧ್ವನಿ ಏರಿಸದೆ, ನಗುನಗುತ್ತಾ, ಪುಕೆಕೊಹೆಯಲ್ಲಿ ಕ್ಯಾರೆಟ್ ಆರಿಸ್ತಿದ್ದೋಳನ್ನ ಕರ್ಕೊಂಡು ಬಂದೋನು ನಾನು, ಮರೀಬೇಡ. ಮರೆತಿಲ್ಲ, ಹೇಗೆ ಮರೆಯಲಿ, ಎರಡು ಚಳಿಗಾಲ ಆ ಪ್ಯಾಕಿಂಗ್ ಶೆಡ್ಡಿನಲ್ಲಿ ನಿಂತಿದ್ದೇನೆ, ಬೆಲ್ಟಿನ ಮೇಲೆ ಹರಿದು ಬರುವ ಕ್ಯಾರೆಟ್ಟಿನಲ್ಲಿ ಕವಲೊಡೆದದ್ದನ್ನು ಎತ್ತಿ ಪಕ್ಕಕ್ಕೆಸೆಯುವುದೇ ಕೆಲಸ, ಪಕ್ಕದಲ್ಲಿ ನಿಲ್ಲುತ್ತಿದ್ದ ರತ್ನಾ ಆಂಟಿ ನಿಂಗ್ಯಾಕೆ ಬೇಕಿತ್ತವ್ವ ಈ ಕರ್ಮ ಎಂದು ತನ್ನ ಡಬ್ಬಿಯ ರೊಟ್ಟಿ ಕೊಡುತ್ತಿದ್ದಳು, ಬೇರು ಹೇಗೆ ಕವಲೊಡೆಯುತ್ತದೆ ಎಂದು ನನಗೆ ಹೇಳಿಕೊಡಲು ಬರುತ್ತಾರೆ ಇವರು. ಅಲ್ಲಿಂದ ಬಂದಿದ್ದಕ್ಕೆ ಕೈಮುಗಿದೆ, ಅವರ ಮಗಳ ಸೀಮಂತದಲ್ಲಿ ನೂರು ಜನಕ್ಕೆ ಬಡಿಸಿದೆ, ಸರ್ ಸರ್ ಎಂದು ಎಂಟು ವರ್ಷ, ಸಾಕಲ್ಲವೇ, ಕಣ್ಣನ್ನೂ ಕೊಡಬೇಕೇ? ಬೆಳಿಗ್ಗೆ ಫ್ಲ್ಯಾಟ್ ಬುಷ್‌ನಲ್ಲಿ ಕಾರಿನಲ್ಲಿ ಶಾಲೆಗೆ ಬಿಡುವಾಗ, ನಿನ್ನೆ ಸಂಜೆ ಕಂಡ ಬೇರು ಇನ್ನೂ ತಲೆಯಲ್ಲೇ, ಶ್ರೀರಕ್ಷಾ, ಮಮ್, ವೈ ಆರ್ ಯು ಶೌಟಿಂಗ್ ಅಟ್ ದ ಇಂಡಿಕೇಟರ್, ನಾನು ಬೈಯುತ್ತಿದ್ದದ್ದೇ ನನಗೆ ಗೊತ್ತಿರಲಿಲ್ಲ, ಏನಿಲ್ಲ ಮಗಳೇ ಎಂದೆ, ಯು ಆಲ್ವೇಸ್ ಸೇ ಏನಿಲ್ಲ, ಎಂದು ಬಾಗಿಲು ಬಡಿದು ಹೋದಳು. ಸಿಟ್ಟು ಬರುತ್ತದೆ, ಅವರ ಮೇಲೆ, ಮತ್ತೆ ಇನ್ನೂ ಇಲ್ಲಿ ಸ್ಪ್ರೇ ಹಿಡಿದು ನಿಂತಿರುವ ನನ್ನ ಮೇಲೆ, ಆದರೂ ಒಳಗೊಂದು ಮನಸ್ಸು, ಪಾಪ, ವಯಸ್ಸಾಯಿತು, ಕಣ್ಣು ಮಂಜು, ಹಮ್ಮು ಬಿಡಲೊಲ್ಲದು, ನಿಜವಾಗಿಯೂ ಕಂಡಿರಲಿಕ್ಕಿಲ್ಲ ಎನ್ನುತ್ತದೆ.

ಮೆಟ್ಟಿಲ ಮೇಲೆ ಬೂಟಿನ ಸದ್ದು, ಬಂದರು, ಮುಂದೆ ಸರ್, ಹಿಂದೆ ಕಂಪನಿಯ ಮುಖ್ಯಸ್ಥೆ, ಅವಳ ಹಿಂದೆ ಸಮೋಸಾ ಅಗಿಯುತ್ತಾ ಇಬ್ಬರು, ದಿಸ್ ಈಸ್ ಕಾಮಾಕ್ಷಿ, ಶಿ ವಿಲ್ ವಾಕ್ ಯು ಥ್ರೂ ಇಟ್, ಸರ್ ನನ್ನ ಮುಖ ನೋಡದೆ ಹೇಳುತ್ತಾರೆ. ನಾನು ಆ ತುಂಡಿಗೆ ಕೈ ಚಾಚುತ್ತೇನೆ, ಕಲ್ಲು ಇನ್ನೂ ಒದ್ದೆ, ಎಳೆಗಳು ಕರ್ರಗೆ ಎದ್ದು ಕಾಣುತ್ತಿವೆ, ನನಗಿಂತ ಮೊದಲು ಅವರ ಕೈ ಬಂತು, ಇಷ್ಟು ಪೆಟ್ಟಿಗೆಗಳಿರುವಾಗ ಅದೇ ತುಂಡು, ಎತ್ತಿ ಅವಳ ಕಡೆ ಹಿಡಿದು ಲುಕ್ ಅಟ್ ದಟ್, ಕ್ಲೀನ್ ಬೀಚ್ ಸ್ಯಾಂಡ್ — ಹಿಡಿದದ್ದು ಹೇಗೆ, ಹೆಬ್ಬೆರಳನ್ನು ಎಲ್ಲಿಟ್ಟು ಹಿಡಿದರು, ಸರಿಯಾಗಿ ಬೇರಿನ ಮೇಲೆ, ಬುಡದಿಂದ ಕವಲಿನ ತನಕ ಮುಚ್ಚುವ ಹಾಗೆ, ಒಂದೆಳೆ ಆಚೆ ಈಚೆ ಇಲ್ಲ. ಬಿಲ ಎಂದವರು ಯಾಕೆ ಮುಚ್ಚಬೇಕು, ಮಂಜುಗಣ್ಣಿಗೆ ಅಷ್ಟು ಕರಾರುವಾಕ್ಕಾಗಿ ಜಾಗ ಹೇಗೆ ಗೊತ್ತು, ಕಂಡಿದ್ದಾರೆ, ಬೆಳಿಗ್ಗೆಯೇ ಕಂಡಿದ್ದಾರೆ, ನನಗಿಂತ ಮುಂಚೆಯೇ ಕಂಡು ನನ್ನ ಹೆಸರು ಹಾಕಿದ್ದಾರೆ. ಸರ್, ಹೆಬ್ಬೆಟ್ಟು ತೆಗೀರಿ, ಎಂದೆ, ಕನ್ನಡದಲ್ಲೇ ಬಂತು. ನಕ್ಕರು, ಕೇಳಿಸದವರ ಹಾಗೆ. ಕುಡ್ ಯು ಮೂವ್ ಯುವರ್ ಥಂಬ್, ಪ್ಲೀಸ್ — ಈಗ ಎಲ್ಲರೂ ನೋಡುತ್ತಿದ್ದಾರೆ, ಅಗಿಯುವುದೂ ನಿಂತಿದೆ, ಅವಳು ಕನ್ನಡಕ ಹಾಕಿಕೊಂಡು ಬಗ್ಗಿದಳು, ಎಲ್ಲರ ಕಣ್ಣೂ ಆ ಹೆಬ್ಬೆರಳ ಮೇಲೆ, ಉಗುರು ಬೆಳ್ಳಗಾಗಿದೆ, ಅಷ್ಟು ಒತ್ತಿ ಹಿಡಿದಿದ್ದಾರೆ, ತೆಗೆಯುತ್ತಿಲ್ಲ, ಹೆಬ್ಬೆರಳು, ಬಿಳಿ ಉಗುರು, ಹೆಬ್ಬೆರಳು —