ಸಿಮೊ ವ್ರಾನೆಶ್ ಬೀದಿಗೆ ಆಂಬುಲೆನ್ಸ್

ನಮ್ಮ ಬೆಲ್‌ಗ್ರೇಡಿನಲ್ಲಿ ಸರ್ಕಾರ ಬದಲಾದಾಗಲೆಲ್ಲ ಬೀದಿಗಳ ಹೆಸರೂ ಬದಲಾಗುತ್ತದೆ. ಜನರ ಬಾಯಿ ಮಾತ್ರ ಬದಲಾಗುವುದಿಲ್ಲ. ನಮ್ಮ ಬೀದಿಗೆ 'ದ್ರಾಕ್ಷಿತೋಟದ ಬೀದಿ' ಎಂಬ ಫಲಕ ಬಂದು ಎಷ್ಟೋ ವರ್ಷವಾಯಿತು. ನನ್ನ ಮಾವ ಮಿಲೂತಿನ್ ಪಾಲಿಗೆ ಅದು ಇಂದಿಗೂ ಯುದ್ಧವೀರ ಸಿಮೊ ವ್ರಾನೆಶ್‌ನ ಬೀದಿಯೇ. ತಮಾಷೆ ಅಂದುಕೊಂಡರೆ ಕೆಟ್ಟಿರಿ. ಅದೇ ವೀರನ ಹೆಸರಿನ ಇನ್ನೊಂದು ಬೀದಿ ಸಾವಾ ನದಿಯ ಆಚೆ ಈಗಲೂ ಇದೆ. ನಮಗೆ ಬರಬೇಕಾದ ಸೌದೆ ಲಾರಿ, ಟ್ಯಾಕ್ಸಿ, ನಾದಿನಿಯ ಮದುವೆಯ ತುತ್ತೂರಿಯವರು, ಎಲ್ಲರೂ ಮೊದಲು ಅಲ್ಲಿಗೇ ಹೋಗಿದ್ದಾರೆ.

ಕಳೆದ ವರ್ಷ ಯಾಗೊದಾ ಎಂಬ ಹುಡುಗಿ ಮನೆಗೆ ಬಂದಳು. ಬೇಕರಿಯ ಮೇಲಿನ ಕೋಣೆಯಲ್ಲಿ ಅವಳೂ ಗೆಳತಿಯರೂ ಪುಟ್ಟ ಕಂಪನಿ ನಡೆಸುತ್ತಾರೆ. ನಗರಾಡಳಿತ ಬೀದಿಗಳ ಹೆಸರು ಬದಲಿಸಿದ ಆದೇಶಗಳನ್ನೆಲ್ಲ ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಅಂತರ್ಜಾಲಕ್ಕೆ ಹಾಕಿತ್ತು. ಯಾರೂ ಮೂಸಿ ನೋಡಿರಲಿಲ್ಲ. ಈ ಹುಡುಗಿಯರು ಅವನ್ನೆಲ್ಲ ಒಂದೇ ನಕ್ಷೆಗೆ ಇಳಿಸಿದ್ದರು. ಯಾವ ಕಾಲದ ಹೆಸರು ಹೇಳಿದರೂ ಅದು ಜಾಗ ತೋರಿಸುತ್ತದೆ. ಆಂಬುಲೆನ್ಸಿನವರೂ ಅದನ್ನೇ ನೋಡುತ್ತಾರಂತೆ. ಆದೇಶಗಳಲ್ಲಿ ಇಲ್ಲದ ಹಳೇ ಅಂಗಡಿ, ಹೋಟೆಲುಗಳ ಗುರುತು ಕೇಳಿಕೊಂಡು ಅವಳು ಮನೆಮನೆ ಸುತ್ತುತ್ತಿದ್ದಳು.

"ಹಳೇ ಹೆಸ್ರು ಬಿಡಿ ಅನ್ನೋಕೆ ಬಂದ್ಯಾ?" ಮಾವ ಗುರ್ ಎಂದರು.

"ಅಯ್ಯೋ ತಾತ, ನಿಮ್ಮ ಬಾಯಿಗೆ ಬಂದಿದ್ದೇ ಹೇಳಿ. ಹುಡುಕೋದು ನಮ್ಮ ಕೆಲಸ."

ಆ ಒಂದು ಮಾತಿಗೆ ನಾನು ಅವಳಿಗೆ ಸೋತುಹೋದೆ. ನಮ್ಮನ್ನು ತಿದ್ದಲು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ನಮಗಾಗಿ ತನ್ನ ಯಂತ್ರವನ್ನೇ ತಿದ್ದಿಕೊಂಡವಳು ಇವಳೊಬ್ಬಳೇ.

ಮೊನ್ನೆ ಚಟ್ನಿಗೆಂದು ಕೆಂಪು ಮೆಣಸಿನಕಾಯಿ ಸುಡುತ್ತಿದ್ದ ಮಾವ ಎದೆ ಹಿಡಿದುಕೊಂಡು ಕುಸಿದರು. ನಾನು ಸಂತೆಯಲ್ಲಿದ್ದೆ. ಅತ್ತೆ ದೆಸಾಂಕಾ ಆಂಬುಲೆನ್ಸಿಗೆ ಹೇಳಿ, ಆಮೇಲೆ ನನಗೆ ಫೋನ್ ಮಾಡಿದರು.

"ಎಲ್ಲಿಗೆ ಬರಕ್ಕೆ ಹೇಳಿದ್ರಿ ಅತ್ತೆ?"

"ಎಲ್ಲಿಗೆ ಅಂದ್ರೆ? ಸಿಮೊ ವ್ರಾನೆಶ್ ಬೀದಿಗೆ!"

"ಅವ್ರೇನಂದ್ರು?"

"ಎರಡಿವೆ, ನಿಮ್ದು ಯಾವ್ದು ಅಂದ್ರು. ಝೀಕಾನ ಹೋಟೆಲ್ ಎದುರುಗಡೇದು ಅಂದೆ."

ನಾನು ಸೊಸೆಯಾಗಿ ಬರುವ ಮೊದಲೇ ಝೀಕಾನ ಹೋಟೆಲ್ ಮುಚ್ಚಿಹೋಗಿತ್ತು. ಈಗ ಅಲ್ಲಿರುವುದು ಮೊಬೈಲ್ ಅಂಗಡಿ. ಮೆಣಸಿನಕಾಯಿ ಚೀಲ ಅಲ್ಲೇ ಎಸೆದು ಓಡಿದೆ. ಆಂಬುಲೆನ್ಸ್ ಸೇತುವೆ ದಾಟಿ ಯಾರದೋ ಮನೆಯ ಬಾಗಿಲು ತಟ್ಟುತ್ತಿರುವುದೇ ಕಣ್ಣ ಮುಂದೆ.

ತಿರುವಿಗೆ ಬಂದರೆ ಮೊಬೈಲ್ ಅಂಗಡಿಯ ಮುಂದೆಯೇ ಅದು ನಿಂತಿತ್ತು! ಮಾವನನ್ನು ಆಗಲೇ ಮಹಡಿಯಿಂದ ಕೆಳಗಿಳಿಸಿ ತರುತ್ತಿದ್ದರು.

"ಝೀಕಾನ ಹೋಟೆಲ್ ನಿಮಗೆ ಹೇಗೆ ಗೊತ್ತಾಯ್ತು?" ಏದುಸಿರು ಬಿಡುತ್ತಲೇ ಕೇಳಿದೆ.

"ನಮ್ಗೆಲ್ಲಿ ಗೊತ್ತಮ್ಮ, ನಕ್ಷೆಗೆ ಗೊತ್ತಿತ್ತು," ಎಂದ ಚಾಲಕ. "ಹತ್ತಿ, ಹತ್ತಿ."

ಯಾಗೊದಾಳ ಹೊಟ್ಟೆ ತಣ್ಣಗಿರಲಿ ಎಂದುಕೊಂಡು ಹತ್ತಿದೆ.

ಆಸ್ಪತ್ರೆಯಲ್ಲಿ ಮಾವನ ಪ್ರಾಣದ ಬಗ್ಗೆ ಈಗಲೇ ಏನೂ ಹೇಳಲಾಗದು ಎಂದರು. ಬೆಳಗಾಗುವವರೆಗೆ ಅವರು ಕಣ್ಣು ಬಿಡಲಿಲ್ಲ, ಅತ್ತೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಬೆಳಿಗ್ಗೆ ನರ್ಸ್ ಮಂಚದ ಪಕ್ಕ ನಿಂತು ವಿಳಾಸ ಕೇಳಿದಳು. "ದ್ರಾಕ್ಷಿತೋಟದ ಬೀದಿ," ಎಂದೆ.

"ಏನೇ ಅದು?" ಮೂಗಿನ ಕೊಳವೆಯ ಹಿಂದಿನಿಂದ ಸಣ್ಣ ದನಿ. "ಸರಿಯಾಗಿ ಹೇಳೇ, ದಡ್ಡಿ!"

ಅತ್ತೆ ನನ್ನ ತೋಳು ಹಿಡಿದುಕೊಂಡು ಗೊಳೋ ಎಂದು ಅತ್ತರು. "ಬೈತಿದಾರೆ ಕಣೇ! ಬದುಕ್ಕೊಂಡ್ರು!"