ಮೀನೆಣ್ಣೆಯೂ ಅರ್ಧಕ್ಕೆ ನಿಂತ ರಕ್ತಕಣಗಳೂ

2019ರ ಫೆಬ್ರುವರಿ 12, ಮಂಗಳವಾರ, ಬೆಳಿಗ್ಗೆ 6 ಗಂಟೆ 40 ನಿಮಿಷ. ಲೊಫೊಟೆನ್ ದ್ವೀಪದ ನಮ್ಮ ಬಂದರಿನಲ್ಲಿ ಕಾಡ್ ಮೀನಿನ ಸುಗ್ಗಿ. ಮೀನುಗಾರ ಹೋಗ್ನೆ ಮಾತ್ರ ದೋಣಿಗೆ ಹೋಗದೆ ಅಡುಗೆಮನೆಯಲ್ಲಿ ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದ. ವಾರದಿಂದ ಅವನ ಒಸಡಿನ ರಕ್ತ ನಿಲ್ಲುತ್ತಿರಲಿಲ್ಲ. ತೋಳು, ತೊಡೆಯ ಮೇಲೆ ನೀಲಿ ಕಲೆಗಳು. ಹಗ್ಗ ಎಳೆದು ಹೀಗಾಗಿದೆ ಎಂದು ತಳ್ಳಿಹಾಕಿದ್ದ. ಹೆಂಡತಿ ಯುರುನ್ ಹಟ ಹಿಡಿದು ಹಿಂದಿನ ದಿನ ರಕ್ತಪರೀಕ್ಷೆ ಮಾಡಿಸಿದ್ದಳು.

ಈಗಷ್ಟೇ ವೈದ್ಯರ ಫೋನ್ ಬಂದಿತ್ತು. ಒಂದು ಬಗೆಯ ರಕ್ತದ ಕ್ಯಾನ್ಸರ್ ಇರುವಂತಿದೆ, ಹೆಲಿಕಾಪ್ಟರ್ ಕಳಿಸುತ್ತೇವೆ, ಕೂಡಲೇ ದೊಡ್ಡಾಸ್ಪತ್ರೆಗೆ ಬನ್ನಿ ಎಂದಿದ್ದರು. ಈ ಬಗೆಗೆ ಒಳ್ಳೆಯ ಮಾತ್ರೆಯಿದೆ, ಅದು ಎ ಜೀವಸತ್ವದ ಸಂಬಂಧಿ ಎಂದು ಧೈರ್ಯವನ್ನೂ ಹೇಳಿದ್ದರು. ಹೋಗ್ನೆ ಹಿಡಿದುಕೊಂಡದ್ದು ಅಷ್ಟನ್ನೇ. ಫ್ರಿಜ್‌ನಿಂದ ಕಾಡ್ ಮೀನಿನ ಎಣ್ಣೆಯ ಬಾಟಲಿ ತೆಗೆದ.

"ಎ ಜೀವಸತ್ವ ಇದರಲ್ಲೇ ತುಂಬಿದೆ. ಎರಡು ಚಮಚ ಜಾಸ್ತಿ ಕುಡಿದರಾಯ್ತು. ಸುಗ್ಗೀಲಿ ಆಸ್ಪತ್ರೆಗೆ ಯಾರು ಹೋಗ್ತಾರೆ?"

ಯುರುನ್ ಕರೆಸಿದ್ದರಿಂದ ಅವನ ಅಕ್ಕ, ಶಾಲೆಯಲ್ಲಿ ವಿಜ್ಞಾನ ಕಲಿಸುವ ಓಡ್ನಿ, ಬಂದಳು.

"ಚಿಕ್ಕಂದಿನಿಂದ ದಿನಾ ಕುಡಿದೋನಿಗೇ ಬಂತಲ್ಲೋ ಕಾಯಿಲೆ," ಎಂದು ಬಾಟಲಿ ಬದಿಗಿಟ್ಟಳು.

ಮೂಳೆಯೊಳಗಿನ ಮಜ್ಜೆಯಲ್ಲಿ ದಿನವೂ ಹೊಸ ಕಣಗಳು ಹುಟ್ಟುತ್ತವೆ. ಬೆಳೆದ ಮೇಲೆ ಕೆಲವು ಉಸಿರಿನ ಗಾಳಿ ಒಯ್ಯುತ್ತವೆ, ಕೆಲವು ಸೋಂಕಿನೊಡನೆ ಹೋರಾಡುತ್ತವೆ, ಪ್ಲೇಟ್‌ಲೆಟ್‌ಗಳು ರಕ್ತ ಸೋರದಂತೆ ತಡೆಯುತ್ತವೆ. ಈ ಕಾಯಿಲೆಯಲ್ಲಿ ಕಣದೊಳಗಿನ ಸೂಚನೆ ಕೆಟ್ಟು, ಬೆಳವಣಿಗೆ ಅರ್ಧಕ್ಕೇ ನಿಲ್ಲುತ್ತದೆ. ಆದರೆ ಹೆಚ್ಚುವುದು ನಿಲ್ಲುವುದಿಲ್ಲ. ಓಡ್ನಿ ಇದನ್ನೆಲ್ಲ ಹೇಳಿದಳು. ಹೋಗ್ನೆ ಕಿಟಕಿಯನ್ನೇ ನೋಡುತ್ತಿದ್ದ. ಹೊರಗೆ ದೋಣಿಗಳು ಒಂದೊಂದಾಗಿ ಹೊರಡುತ್ತಿದ್ದವು.

"ನೀನು ಮೀನು ಒಣಹಾಕೋ ಚಪ್ಪರ ನೆನೆಸ್ಕೋ. ಅರ್ಧ ಒಣಗಿದ್ದು ಇಳಿಯೋದೇ ಇಲ್ಲ, ಮೇಲೆ ಅಂಥದ್ದೇ ತುಂಬ್ತಾ ಇದೆ. ಒಳ್ಳೆ ಮೀನಿಗೆ ಜಾಗ ಎಲ್ಲಿ? ನಿನ್ನ ಮಜ್ಜೇಲೂ ಹಾಗೇ, ಪ್ಲೇಟ್‌ಲೆಟ್‌ಗೆ ಜಾಗ ಇಲ್ಲ."

"ಆ ಮಾತ್ರೆ ಏನು ಮಾಡುತ್ತೆ?"

"ನಿಂತ ಕಣಗಳನ್ನ ಬೆಳೆಸುತ್ತೆ. ಎಣ್ಣೆ ಕೈಲಿ ಅದಾಗಲ್ಲ. ಹೆಚ್ಚು ಕುಡಿದ್ರೆ ಲಿವರ್ ಕೆಡುತ್ತೆ ಅಷ್ಟೆ. ಇವತ್ತು ಒಸಡಲ್ಲಿ ರಕ್ತ. ನಾಳೆ ಮಿದುಳಲ್ಲಿ ಆದ್ರೆ?"

ಯುರುನ್ ಗಂಡನ ರಬ್ಬರ್ ಕೋಟನ್ನು ತಾನೇ ತೊಟ್ಟಳು.

"ಅಕ್ಕ ನಿನ್ನ ಜೊತೆ ಬರ್ತಾಳೆ. ಬಲೆ ಎತ್ತಿಸಿ ಸಂಜೆಗೆ ನಾನೂ ಬರ್ತೀನಿ. ನಾನೂ ಮೀನುಗಾರನ ಮಗಳೇ."

"ದೋಣಿ ಎಂಜಿನ್ ಮೊದಲು ಬಿಸಿಯಾಗಲಿ, ಆಮೇಲೆ ಹೊರಡು," ಎಂದಷ್ಟೇ ಹೇಳಿ ಹೋಗ್ನೆ ಬೂಟು ಹಾಕಿಕೊಂಡ.

ಆಸ್ಪತ್ರೆಯಲ್ಲಿ ಉಳಿದ ಪರೀಕ್ಷೆಗಳಿಗೆ ಕಾಯದೆ ಆ ದಿನವೇ ಮಾತ್ರೆ ಶುರುಮಾಡಿದರು. ಜೊತೆಗೆ ಬೇರೆ ಔಷಧಿ, ದಾನಿಗಳ ರಕ್ತವೂ ಬೇಕಾಯಿತು. ಕೆಲವು ವಾರ ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆಯಿರಲಿಲ್ಲ.

ಓದುಗರೇ, ಕಾರಣವಿಲ್ಲದ ನೀಲಿ ಕಲೆ, ನಿಲ್ಲದ ರಕ್ತ, ಬಿಡದ ಜ್ವರ, ವಿಪರೀತ ಸುಸ್ತು ಕಂಡರೆ ಅದನ್ನು ದುಡಿಮೆಯ ಮೇಲೆ ಹಾಕಿ ಸುಮ್ಮನಿರಬೇಡಿ. ಎಲ್ಲವೂ ಕ್ಯಾನ್ಸರ್ ಅಲ್ಲ, ಆದರೆ ಪರೀಕ್ಷಿಸದೆ ತಿಳಿಯುವುದಿಲ್ಲ. ಬೇಗ ವೈದ್ಯರಿಗೆ ತೋರಿಸಿ, ರಕ್ತಪರೀಕ್ಷೆ ಮಾಡಿಸಿ. ಅವರು ಕೊಟ್ಟ ಔಷಧಿಯ ಬದಲಿಗೆ ಮನೆಮದ್ದನ್ನು ನಂಬಿ ಕೂರಬೇಡಿ.

ಏಪ್ರಿಲ್ 9ರಂದು ಹೋಗ್ನೆಯ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1,78,000 ಪ್ಲೇಟ್‌ಲೆಟ್‌ಗಳಿದ್ದವು, ಆರೋಗ್ಯವಂತರಲ್ಲಿ ಇರುವಷ್ಟೇ.