ಬೀಟೆ ಮರದ ತೋಳು

"ಬುಗುರಿ ತಿರುವೋ ಕೈಲಿ ನನ್ ಕಾರು ಮುಟ್ಟಿಸ್ಬ್ಯಾಡ ಕಣಪ್ಪ ರಾಮಲಿಂಗಯ್ಯ. ಎಂಟ್ನೇ ಕ್ಲಾಸು ದಾಟಿಲ್ಲ, ಇವ್ನಿಗೆ ಏಸಿ ಬ್ಯಾರೆ. ನಮ್ ಕುರೀನೇ ವಾಸಿ, ಬಿಸ್ಲು ಯಾವ್ದು ನೆಳ್ಳು ಯಾವ್ದು ಅಂತಾದ್ರೂ ಅದುಕ್ಕೆ ಗೊತ್ತಾಯ್ತದೆ."

ಬೈರಮಂಗಲದ ಚಿಕ್ಕಬೀರಯ್ಯ ಈ ಮಾತು ಹೇಳಿದ್ದು ಚನ್ನಪಟ್ಟಣದ ಹಳೇ ಹೈವೇ ಬದಿಯ ರಾಮಲಿಂಗಯ್ಯನ ಗ್ಯಾರೇಜಿನಲ್ಲಿ, ಬೆಳಗಿನ ಹತ್ತು ಗಂಟೆಗೆ, ಟೀ ಕುಡಿಯುತ್ತ ನಿಂತಿದ್ದ ಆರೇಳು ಜನರ ಮುಂದೆ. ಎಲ್ಲರೂ ನಕ್ಕರು. ಪಂಚರ್ ಅಂಗಡಿಯ ಇದ್ರೀಸ್ ಕೂಡ ನಕ್ಕ; ಮೆಕ್ಯಾನಿಕ್ ಉಜೈರ್ ತನ್ನತ್ತ ತಿರುಗಿದ್ದು ಕಂಡು ಲೋಟದೊಳಕ್ಕೆ ಮುಖ ಇಳಿಸಿಕೊಂಡ.

ಬಾನೆಟ್ಟಿನೊಳಗೆ ಬಗ್ಗಿದ್ದ ಉಜೈರ್ ನೆಟ್ಟಗಾದ. ವಯಸ್ಸು ಇಪ್ಪತ್ಮೂರು. ಹದಿಮೂರಕ್ಕೆ ಶಾಲೆ ಬಿಟ್ಟು, ಅಬ್ಬಾನ ಲೇತಿನ ಮುಂದೆ ಕೂತು ಐದು ವರ್ಷ ಬುಗುರಿ, ಗಿಲಕಿ ತಿರುವಿದ್ದು ನಿಜ. ಆಮೇಲಿನ ಐದು ವರ್ಷ ಇದೇ ಗ್ಯಾರೇಜಿನಲ್ಲಿ ಕಾರುಗಳ ಕೆಳಗೆ ಮಲಗಿದ್ದೂ ಅಷ್ಟೇ ನಿಜ. ಆದರೆ ಊರಿಗೆ ಮೊದಲ ಐದು ವರ್ಷ ಮಾತ್ರ ನೆನಪಿತ್ತು.

ಕಾರಿಗೆ ಹದಿನೇಳು ವರ್ಷವಾಗಿತ್ತು. ಏಸಿ ಹಾಕಿದರೆ ಒಲೆಯ ಬಾಯಿ ತೆಗೆದಂತೆ ಬಿಸಿಗಾಳಿ. ಬಿಡದಿಯಲ್ಲಿ ಒಂದು ಗ್ಯಾರೇಜು, ರಾಮನಗರದಲ್ಲಿ ಎರಡು ಸುತ್ತಿ, ಹೋದಲ್ಲೆಲ್ಲ ಏಸಿಗೆ ಗ್ಯಾಸ್ ತುಂಬಿಸಿಕೊಂಡು ಬಂದಿದ್ದ ಚಿಕ್ಕಬೀರಯ್ಯ. "ನಮ್ಮನೇವ್ಳು ದಾಸಮ್ಮ ಈ ಕಾರು ಹತ್ತೋದೇ ಬುಟ್ಟವ್ಳೆ. ಬಸ್ಸಲ್ಲೇ ಬತ್ತೀನಿ, ನೀನು ಬೇಯ್ಕಂಡು ಬಾ ಅಂತಾಳೆ," ಎಂದು ಗೊಣಗಿದ.

"ಗ್ಯಾಸು ಸರಿಯಾಗೈತೆ ಯಜಮಾನ್ರೇ," ಎಂದ ಉಜೈರ್. "ಪೈಪು ಮುಟ್ಟಿ ನೋಡಿ, ತಣ್ಣಗೆ ಬೆವರ್ತಾ ಐತೆ. ತಂಪು ಹುಟ್ತಾ ಐತೆ, ಒಳೀಕೆ ಬತ್ತಾ ಇಲ್ಲ ಅಷ್ಟೇ. ಡ್ಯಾಶ್‌ಬೋರ್ಡ್ ಹಿಂದೆ ಒಂದು ಫ್ಲಾಪಿರ್ತದೆ, ಬಾಗಿಲು ಇದ್ದಂಗೆ. ಗಾಳೀನ ಬಿಸಿ ಕಡೀಕೋ ತಣ್ಣಗಿನ ಕಡೀಕೋ ಬಿಡೋದು ಅದೇಯ. ಅದು ನಾಬಿನಿಂದ ಕಳಚ್ಕಂಡೈತೆ."

"ಬಿಚ್ದೇನೇ ಕಾಣ್ತಾ ಏನ್ಲಾ ನಿಂಗೆ?"

ಕಂಡಿರಲಿಲ್ಲ, ಕೈಗೆ ತಿಳಿದಿತ್ತು. ಲೇತಿನಲ್ಲಿ ಮರ ಹಿಡಿತ ಬಿಟ್ಟರೆ ಉಳಿ ಬರಿಗಾಳಿಯಲ್ಲಿ ಆಡಿದಂತೆ ಅಂಗೈಗೆ ಗೊತ್ತಾಗುತ್ತದೆ. ನಾಬು ತಿರುಗಿಸಿದಾಗ ಹಾಗೇ ಆಗಿತ್ತು; ಆ ತುದಿಯಲ್ಲಿ ಯಾರೂ ಇಲ್ಲ. ಬ್ರೇಕು ಹಾಕಿದಾಗಲೆಲ್ಲ ಒಳಗೆ ಟಕ್ಕೆಂದು ಒಂದು ಬಡಿತ ಬೇರೆ. ಇದನ್ನೆಲ್ಲ ಹೇಳಹೊರಟರೆ ಮತ್ತೆ ಬುಗುರಿಯ ಮಾತೇ ಬರುತ್ತದೆಂದು ಬಾನೆಟ್ಟಿನೊಳಕ್ಕೇ ಬಗ್ಗಿದ.

"ನಾಳಿದ್ದು ಬತ್ತೀನಿ. ನೀನೇ ನಿಂತು ಮಾಡು," ಎಂದು ರಾಮಲಿಂಗಯ್ಯನಿಗೆ ಕೀ ಕೊಟ್ಟು ಚಿಕ್ಕಬೀರಯ್ಯ ಬಸ್ಸು ಹಿಡಿದ.

ರಾಮಲಿಂಗಯ್ಯ ಉಜೈರನ ಹೆಗಲ ಮೇಲೆ ಕೈ ಹಾಕಿದ. "ತಲೆ ಕೆಡಿಸ್ಕಬ್ಯಾಡ ಕಣ್ಲಾ. ಇದೊಂದು ಸರಿ ಮಾಡು. ಆ ಮನುಷ್ಯನ ಮುಂದೆ, ಈ ಟೀ ಕುಡಿಯೋರೆಲ್ಲರ ಮುಂದೆ ಹೇಳ್ತೀನಿ, ಇನ್ನು ಏಸಿ ಕೆಲ್ಸಕ್ಕೆ ನಮ್ ಗ್ಯಾರೇಜಿನ ಮೇಸ್ತ್ರಿ ನೀನೇ ಅಂತ."

"ಹೇಳ್ತೀಯಾ ಅಣ್ಣ? ಎಲ್ರ ಮುಂದೆ?"

"ಹೇಳ್ತೀನಿ ಅಂದ್ನಲ್ಲ."

ಉಜೈರನಿಗೆ ಬೇಕಿದ್ದುದು ಅಷ್ಟೇ, ಆ ಒಂದು ಮಾತು.

ಡ್ಯಾಶ್‌ಬೋರ್ಡು ಬಿಚ್ಚುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವನು ಹೇಳಿದ್ದೇ ಹೌದು. ನಾಬಿನ ತಂತಿ ಬಂದು ಫ್ಲಾಪಿಗೆ ಸೇರುವ ಕಡೆ, ಬೆರಳುದ್ದದ ಪ್ಲಾಸ್ಟಿಕ್ ತೋಳು ಒಣಗಿ ಎರಡು ಹೋಳಾಗಿ ಬಿದ್ದಿತ್ತು. ಫ್ಲಾಪು ಬಿಸಿ ಕಡೆಗೇ ಜೋತುಕೊಂಡಿತ್ತು. ಅಂಥ ತೋಳು ಬೆಂಗಳೂರಿನಲ್ಲೂ ಇಲ್ಲ. ಫೋನಿನಲ್ಲಿ ವಿಚಾರಿಸಿದರೆ, ಆ ಕಾರಿನ ತಯಾರಿ ನಿಂತೇ ಹತ್ತು ವರ್ಷವಾಯಿತು ಎಂದು ಅತ್ತ ಕಡೆಯವನು ನಕ್ಕ. ಉಜೈರ್ ಎರಡು ಹೋಳುಗಳನ್ನೂ ಅಂಗಿ ಜೇಬಿಗೆ ಹಾಕಿಕೊಂಡು ಮನೆಗೆ ಹೋದ.

ಅಬ್ಬಾ ಅಸದುಲ್ಲಾ ಲೇತು ಬಿಟ್ಟು ಎದ್ದು ಜಾಗ ಕೊಟ್ಟರು. ಐದು ವರ್ಷದ ಮೇಲೆ ಮಗ ಅಲ್ಲಿ ಕೂತಿದ್ದ. ಬೊಂಬೆಗೆ ಬಳಸುವ ಆಲೆ ಮರದ ತುಂಡು ತಿರುವಿ, ಒಂದು ಬದಿ ಅರದಿಂದ ಚಪ್ಪಟೆ ಮಾಡಿ, ತೂತು ಕೊರೆದು, ಹೋಳುಗಳ ಪಕ್ಕ ಇಟ್ಟು ನೋಡಿದ. ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಮತ್ತೆ ಲೇತಿಗೆ ಸಿಕ್ಕಿಸಿ, ತೂತಿನೊಳಗೂ ಬಿಡದೆ ಕೆಂಪು ಅರಗು ಹಿಡಿದ. ತಿರುಗುವ ಮರದ ಬಿಸಿಗೆ ಅರಗು ಕರಗಿ ಮೈಗೆಲ್ಲ ಹತ್ತಿತು. ತಾಳೆ ಗರಿ ಒತ್ತಿದ, ಮಿಂಚಿತು.

"ಯಾರೂ ನೋಡದ ಜಾಗಕ್ಕೆ ಬಣ್ಣ ಯಾಕೆ ಬೇಟಾ?"

"ಬರೀ ಮೈಯಲ್ಲಿ ಕಳ್ಸಿ ಅಭ್ಯಾಸ ಇಲ್ಲ ಅಬ್ಬಾ."

ಮರುದಿನ ಕೂಡಿಸಿ ಇಂಜಿನ್ ಓಡಿಸಿದರೆ ಹತ್ತು ನಿಮಿಷ ಚೆನ್ನಾಗಿ ನಡೆಯಿತು. ಹೀಟರು ಕಾದದ್ದೇ ಫ್ಲಾಪು ಅರ್ಧಕ್ಕೆ ಕಚ್ಚಿಕೊಂಡಿತು. ನಾಬು ಅಲ್ಲಾಡದು. ಉಜೈರನಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದಾಗ ತಲೆ ಚಚ್ಚಿಕೊಳ್ಳುವಂತಾಯಿತು. ಬಿಸಿಗೆ ಕರಗುವುದೇ ಅರಗಿನ ಗುಣ. ಊರಿನ ಯಾವ ಕೂಸನ್ನು ಕೇಳಿದರೂ ಹೇಳುತ್ತಿತ್ತು. ಬೇರೆ ಊರಿನ ಮೆಕ್ಯಾನಿಕ್ಕು ಈ ತಪ್ಪು ಮಾಡುತ್ತಲೇ ಇರಲಿಲ್ಲ.

ರಾಮಲಿಂಗಯ್ಯ ಬಗ್ಗಿ ನೋಡಿ, "ಬುಗುರಿ ಬುದ್ಧಿ ಬುಟ್ಟು ಹೋಗಲ್ಲ ನೋಡು," ಎಂದ. ಚಿಕ್ಕಬೀರಯ್ಯನ ಮಾತಿಗಿಂತ ಅದು ಹೆಚ್ಚು ಸುಟ್ಟಿತು.

ಉಜೈರ್ ಎಲ್ಲವನ್ನೂ ಮತ್ತೆ ಬಿಚ್ಚಿದ. ಅಂಟಿದ್ದ ಅರಗನ್ನು ಚೂರಿಯಿಂದ ಕೆರೆದು ತೆಗೆದ. ಮನೆಗೆ ಓಡಿ, ಅಬ್ಬಾ ಯಾವುದಕ್ಕೋ ಎಂದು ಎತ್ತಿಟ್ಟಿದ್ದ ಬೀಟೆಯ ತುಂಡನ್ನು ಕೇಳಿದ. ಅಬ್ಬಾ ಯಾಕೆಂದು ಕೇಳದೆ ಕೊಟ್ಟರು. ಈ ಸಲ ಅರಗಿಲ್ಲ, ಬಣ್ಣವಿಲ್ಲ. ಕರಿಯ ಬರಿಮರ, ಮೇಲೆ ಒಸಿ ಹರಳೆಣ್ಣೆ. ಸಂಜೆ ಇಂಜಿನ್ನು ಒಂದು ಗಂಟೆ ಓಡಿತು. ನಾಬನ್ನು ನೂರು ಸಲ ತಿರುಗಿಸಿದ. ಪ್ರತಿ ಸಲವೂ ಆ ತುದಿಯಲ್ಲಿ ಏನೋ ಕೈಗೆ ಸಿಕ್ಕಿತು. ಮುಂಗೈಗೆ ತಣ್ಣನೆಯ ಗಾಳಿ ಬಡಿಯಿತು.

ಬೆಳಗ್ಗೆ ಹತ್ತಕ್ಕೆ ಚಿಕ್ಕಬೀರಯ್ಯ ಬಂದ. ಟೀ ಕುಡಿಯುವವರು ಅವರೇ. ಡ್ರೈವರ್ ಸೀಟಿನಲ್ಲಿ ಕೂತು, ಏಸಿ ಹಾಕಿ, ಕಣ್ಣು ಮುಚ್ಚಿದ.

"ಎಲಾ ಇವ್ನ. ಊಟಿಗೆ ಹೋದಂಗಾಯ್ತಲ್ಲಯ್ಯಾ. ಏನು ಹಾಕ್ದೆ?"

ಉಜೈರ್ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಾಲ್ಕು ಹೆಜ್ಜೆ ಹತ್ತಿರ ಬಂದು ನಿಂತ. ಈಗ ಹೇಳುತ್ತಾನೆ ಅಣ್ಣ, ಆ ಮಾತು.

ರಾಮಲಿಂಗಯ್ಯ ಒಮ್ಮೆ ಅವನನ್ನು ನೋಡಿದ, ಒಮ್ಮೆ ಟೀ ಲೋಟ ಹಿಡಿದವರನ್ನು ನೋಡಿದ.

"ಕಂಪನಿ ಪಾರ್ಟು ಯಜಮಾನ್ರೇ. ಬೆಂಗಳೂರಿಂದ ಬಸ್ಸಲ್ಲಿ ತರಿಸ್ದೆ."

"ಅದುಕ್ಕೇ ಮತ್ತೆ. ಆ ಬುಗುರಿ ಕೈಲಿ ಮುಟ್ಟಿಸ್ನಿಲ್ಲ ತಾನೆ?"

"ಏ, ಎಲ್ಲಾದ್ರೂ ಉಂಟಾ. ನಾನೇ ನಿಂತು ಮಾಡ್ದೆ. ಅವ್ನು ಟಾರ್ಚು ಹಿಡ್ಕಂಡಿದ್ದ ಅಷ್ಟೇ. ಬೇಕಾದ್ರೆ ಅವ್ನನ್ನೇ ಕೇಳಿ." ರಾಮಲಿಂಗಯ್ಯ ತಿರುಗಿದ. ಬಾಯಿ ನಗುತ್ತಿತ್ತು, ಕಣ್ಣು ಬೇಡುತ್ತಿತ್ತು. "ಹೇಳ್ಲಾ ಉಜೈರ್. ಹೂಂ ಅನ್ನು."

ಎಲ್ಲರೂ ಉಜೈರನನ್ನು ನೋಡಿದರು. ಜೇಬಿನಲ್ಲಿ ಮುರಿದ ಪ್ಲಾಸ್ಟಿಕ್ಕಿನ ಎರಡು ಹೋಳು ಇನ್ನೂ ಇದ್ದವು, ಕೆರೆದು ಹಾಳಾದ ಕೆಂಪು ತೋಳೂ ಇತ್ತು. ತೆಗೆದು ಬಾನೆಟ್ಟಿನ ಮೇಲೆ ಇಟ್ಟಿದ್ದರೆ ಸಾಕಾಗಿತ್ತು. ಕೈ ಜೇಬಿನವರೆಗೂ ಹೋಯಿತು. ಮರದ್ದು ಎಂದು ತಿಳಿದರೆ ಈ ಮನುಷ್ಯ ಈಗಲೇ ಕಿತ್ತು ಹಾಕಿಸುತ್ತಾನೆ. ಅಬ್ಬಾ ಎತ್ತಿಟ್ಟಿದ್ದ ಬೀಟೆ ಈ ನೆಲದ ಮೇಲೆ, ಇವರ ಕಾಲ ಕೆಳಗೆ ಬೀಳುತ್ತದೆ. ಆಗಲೂ ಇವರು ನಗುತ್ತಾರೆ.

"ಏನ್ಲಾ, ನಾಲ್ಗೆ ಬಿದ್ದೋಯ್ತಾ? ಹೂಂ ಅನ್ನೋಕೂ ಎಂಟ್ನೇ ಕ್ಲಾಸ್ ಪಾಸಾಗ್ಬೇಕಾ?" ಎಂದ ಚಿಕ್ಕಬೀರಯ್ಯ.

ಉಜೈರ್ ಎಣ್ಣೆ ಬಟ್ಟೆಯನ್ನು ಮಡಿಸಿ ರಾಮಲಿಂಗಯ್ಯನ ಕೈಯಲ್ಲಿಟ್ಟ. ಟೀ ಲೋಟಗಳ ನಡುವಿನಿಂದ, ಇದ್ರೀಸನ ಟೈರುಗಳ ಪಕ್ಕದಿಂದ, ಹಳೇ ಹೈವೇ ಕಡೆಗೆ ನಡೆದ. ಹಿಂದಿನಿಂದ ರಾಮಲಿಂಗಯ್ಯ ಎರಡು ಸಲ ಹೆಸರು ಹಿಡಿದು ಕರೆದ. ಉಜೈರ್ ತಿರುಗಲಿಲ್ಲ.